ಗುರ್ನಾ ಗ್ರಾಮನಿರ್ಮಾಣ: ಒಂದು ವಿಮರ್ಶೆ

ಸಾರ್ವಜನಿಕ ಕಟ್ಟಡಗಳ ಯೋಜನೆಯಲ್ಲಿ ಊರವರಿಗೂ ಪಾಲಿರಬೇಕೆನ್ನುವವರು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿಯವರ (1900–1989) ಗ್ರಂಥವನ್ನು ಆಧಾರವಾಗಿ ಹಿಡಿಯುವುದುಂಟು. 1969ರಲ್ಲಿ ಕೈರೋದಲ್ಲಿ ಅಚ್ಚಾಗಿ, 1973ರಲ್ಲಿ ಷಿಕಾಗೋದಲ್ಲಿ ‘ಬಡವರಿಗಾಗಿ ವಾಸ್ತುಶಿಲ್ಪ’ವೆಂಬರ್ಥದ ಹೆಸರಿನಿಂದ ಮತ್ತೆ ಪ್ರಕಟವಾದ ಈ ಗ್ರಂಥವನ್ನು ನಾವು ಆದರದಿಂದಲೇ ಓದಿದೆವು. ಅದು ಆ ವಾದಕ್ಕೆ ಸಾಕ್ಷಿಯಾಗುವುದಕ್ಕಿಂತ ಎಚ್ಚರಿಕೆಯಾಗುವುದೇ ಹೆಚ್ಚೆಂದು ನಮಗೆ ತೋರುತ್ತದೆ.

ಲಕ್ಸರ್ ಪಟ್ಟಣದ ಇದಿರಿಗೆ, ನೈಲ್ ನದಿಯ ಪಶ್ಚಿಮದಲ್ಲಿ, ಪ್ರಾಚೀನ ಗೋರಿಗಳ ಮೇಲೆಯೇ ಮನೆಮಾಡಿಕೊಂಡಿದ್ದ ಗುರ್ನಾದ ಸುಮಾರು 7000 ಜನರನ್ನು ಬೇರೆಡೆಗೆ ಸಾಗಿಸಬೇಕೆಂದು ಪ್ರಾಚೀನವಸ್ತು ಇಲಾಖೆಯು ನಿಶ್ಚಯಿಸಿತು. ಫತ್ಹಿಯವರು 1945ರಲ್ಲಿ ಹೊಸ ಊರಿನ ಕೆಲಸವನ್ನು ಆರಂಭಿಸಿದರು. ಸುಡದ ಇಟ್ಟಿಗೆಯಿಂದ, ಮರದ ಆಸರೆಯಿಲ್ಲದೆಯೇ ಕಮಾನುಛಾವಣಿಯನ್ನೆತ್ತಬಲ್ಲ ನ್ಯೂಬಿಯದ ಗಾರೆಕೆಲಸದವರನ್ನು ಕರೆಸಿದರು. ಮಸೀದಿ, ಸಂತೆಯ ಕಟ್ಟಡ, ನಾಟಕಶಾಲೆ, ಪಾಠಶಾಲೆಗಳು ಎದ್ದವು. ಈ ಭಾಗದ ಬರವಣಿಗೆಯು ಅತ್ಯಂತ ಸ್ವಾರಸ್ಯವಾಗಿರುತ್ತದೆ. ಮನೆಯೊಡೆಯ, ಕಸಬುದಾರ, ಶಿಲ್ಪಿ ಈ ಮೂವರೂ ಕೂಡಿಯೇ ಮನೆಯ ರೂಪವನ್ನು ನಿರ್ಣಯಿಸಬೇಕೆಂಬ ಸಿದ್ಧಾಂತವೂ ಸರ್ವಥಾ ಗ್ರಾಹ್ಯವು.

ಆದರೆ ಊರವರಲ್ಲಿ ಬಹುಮಂದಿ ಅಲ್ಲಿಗೆ ಹೋಗಲೊಪ್ಪಲಿಲ್ಲ. 1948ರಲ್ಲಿ ಕೆಲಸವು ಅರ್ಧಕ್ಕೇ ನಿಂತಿತು. ಗ್ರಂಥಕರ್ತರು ಇದರ ಹೊಣೆಯನ್ನು ಅಧಿಕಾರಿಗಳ ಜಡತೆಯ ಮೇಲೂ, ಗೋರಿಗಳೊಳಗಣ ವಸ್ತುಗಳನ್ನು ಮಾರಿ ಬದುಕುತ್ತಿದ್ದವರ ಸ್ವಾರ್ಥದ ಮೇಲೂ ಹೊರಿಸುವರು. ಎರಡೂ ನಿಜವಿರಬಹುದು. ಆದರೂ ‘ಎಂತಹ ಮನೆ ಬೇಕು?’ ಎಂದು ಕೇಳುವುದಕ್ಕೆ ಮೊದಲು ‘ಇಲ್ಲಿಂದ ಹೋಗುವಿರಾ?’ ಎಂದು ಕೇಳಬೇಕಾಗಿದ್ದಿತಷ್ಟೆ? ಈ ಲೋಪದ ಬಳಿ ಗ್ರಂಥಕರ್ತರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀರಿನ ವಿಷಯವೂ ಹಾಗೆಯೇ. ಮನೆಮನೆಗೂ ಕೊಳಾಯಿ ಬಂದರೆ, ನೀರಿನ ನೆಪದಿಂದ ಹೊರಬರುತ್ತಿದ್ದ ಹೆಣ್ಣುಮಕ್ಕಳಿಗೆ ಆ ಅವಕಾಶವು ತಪ್ಪುವುದೆಂದು ಅವರು ಚಿಂತಿಸುವರು. ಕೊಡ ಹೊತ್ತು ಬಲ್ಲವರು ಹೀಗೆ ಬರೆಯುತ್ತಿದ್ದರೇ ಎಂಬುದು ಸಂದೇಹವು.

ಇದರೊಡನೆ ಹೋಲಿಸಿ ನೋಡತಕ್ಕುದು ಬುರ್ಕಿನಾ ಫಾಸೋ ದೇಶದ ಗಾಂಡೋ ಗ್ರಾಮದ ಪಾಠಶಾಲೆ (2001). ಅದರ ಶಿಲ್ಪಿ ಫ್ರಾನ್ಸಿಸ್ ಕೆರೇ ಆ ಊರಿನವರೇ. ಮಣ್ಣಿನ ಗೋಡೆ ಮಳೆಗೆ ನಿಲ್ಲದೆಂದು ಊರವರು ಶಂಕಿಸಿದರು. ಇಟ್ಟಿಗೆಗೆ ಅಲ್ಪ ಸಿಮೆಂಟು ಬೆರೆಯಿತು. ಗೋಡೆಗಳನ್ನು ಮೀರಿ ಚಾಚಿದ ತಗಡಿನ ಛಾವಣಿ ಬಂದಿತು. ಮಕ್ಕಳು ಕಲ್ಲು ತಂದರು, ಹೆಂಗಸರು ನೀರು ತಂದರು. ಬೇಡವೆಂದು ಅವರು ಕೈಕಟ್ಟಿ ಕುಳಿತಿದ್ದರೆ ಆ ಗೋಡೆ ಏಳುತ್ತಲೇ ಇರಲಿಲ್ಲ. ಗುರ್ನಾದವರಿಗೆ ಇಲ್ಲದೆ ಹೋದುದು ಈ ಅಧಿಕಾರವೇ. ಅವರು ಬೇಡವೆಂದರೂ ಊರು ಎದ್ದಿತು.

ಹಳೆಯ ಗುರ್ನಾದ ಮನೆಗಳನ್ನು ಸರ್ಕಾರವು 2006ರಿಂದೀಚೆಗೆ ಕೆಡವಿಸಿ, ಜನರನ್ನು ಮತ್ತೊಂದು ಬಡಾವಣೆಗೆ ಸಾಗಿಸಿತು. ಫತ್ಹಿಯವರ ಊರಿನಲ್ಲಿ ನೆಲೆಸಿದವರಾದರೋ ಅನೇಕ ಮನೆಗಳನ್ನು ಒಡೆದು ತಮಗೆ ಬೇಕಾದಂತೆ ಕಟ್ಟಿಕೊಂಡರು, ಮಸೀದಿಯನ್ನು ಉಳಿಸಿಕೊಂಡರು.