ಬೆಳ್ಳಿಯ ಒಡಲಲ್ಲಿ ಕಪ್ಪು ಪುಡಿ

ಪಿಂಗಾಣಿ ಬಟ್ಟಲನ್ನು ಎಳೆದು ತಂತಿ ಮಾಡಿ ಎಂದರೆ ಯಾರಾದರೂ ನಕ್ಕಾರು. ಬಗ್ಗಿಸಿದರೇ ಚೂರಾಗುವ ವಸ್ತು ಅದು. 1986ರಲ್ಲಿ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮ್ಯೂಲರ್ ಬಾಗಿಲು ತೆರೆದ ಅಧಿಕ ತಾಪದ ಅತಿವಾಹಕಗಳೂ (ಪ್ರತಿರೋಧವಿಲ್ಲದೆ ಕರೆಂಟು ಹರಿಸುವ ವಸ್ತುಗಳು) ಅದೇ ಜಾತಿಯವು: ಪೆಡಸು ತಾಮ್ರದ ಆಕ್ಸೈಡುಗಳು. ಅವುಗಳಲ್ಲೊಂದಾದ ಬಿಸ್ಮತ್-2212ನ್ನು ದುಂಡನೆಯ ತಂತಿಯಾಗಿಸಿದ್ದು ಅಕ್ಕಸಾಲಿಗರೂ ತಲೆದೂಗುವಂಥ ಕಸುಬು.

ಅದರ ಕಪ್ಪು ಪುಡಿಯನ್ನು ಬೆಳ್ಳಿ ಕೊಳವೆಗೆ ತುಂಬಿ, ಒಂದಕ್ಕಿಂತ ಒಂದು ಸಣ್ಣ ತೂತಿನ ಅಚ್ಚುಗಳಲ್ಲಿ ಎಳೆಯುತ್ತಾರೆ. ಸಪೂರವಾದ ಎಳೆಗಳನ್ನು ಕಟ್ಟು ಕಟ್ಟಿ ಇನ್ನೊಂದು ಬೆಳ್ಳಿ ಕೊಳವೆಗೆ ತುರುಕಿ ಮತ್ತೆ ಎಳೆತ. ಕೊನೆಗೆ ಸುಮಾರು ಒಂದು ಮಿಲಿಮೀಟರ್ ದಪ್ಪದ ತಂತಿಯೊಳಗೆ ನೂರಾರು ಎಳೆಗಳು! ಬೆಳ್ಳಿಯೇ ಏಕೆ? ಬಿಸಿಯಾದಾಗ ಅದು ಆಮ್ಲಜನಕವನ್ನು ಒಳಬಿಡುತ್ತದೆ. ಪುಡಿಯೊಂದಿಗೆ ಜಗಳಕ್ಕೂ ನಿಲ್ಲುವುದಿಲ್ಲ.

ತಂತಿಯನ್ನು ಕಾಂತದ ಸುರುಳಿಯಾಗಿ ಸುತ್ತಿದ ಮೇಲೆಯೇ ಬೇಯಿಸುವುದು. ಸುಮಾರು 890 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪುಡಿ ಕರಗಿ, ತಣಿಯುತ್ತ ಹರಳುಗಟ್ಟುತ್ತದೆ. ಕೆಲವೇ ಡಿಗ್ರಿ ತಪ್ಪಿದರೂ ಪಾಕ ಕೆಟ್ಟಂತೆ. ಸಾಲದ್ದಕ್ಕೆ, ಪುಡಿಯ ಸಂದಿನ ಗಾಳಿ ಗುಳ್ಳೆಯಾಗಿ ಕರೆಂಟಿನ ದಾರಿಗೆ ಅಡ್ಡ ಕೂರುತ್ತಿತ್ತು. ಅಮೆರಿಕದ ಟ್ಯಾಲಹಾಸಿಯಲ್ಲಿರುವ ರಾಷ್ಟ್ರೀಯ ಅಧಿಕ ಕಾಂತಕ್ಷೇತ್ರ ಪ್ರಯೋಗಾಲಯದ ಡೇವಿಡ್ ಲಾರ್ಬಲೆಸ್ಟಿಯರ್ ತಂಡ 2014ರಲ್ಲಿ ಪ್ರಕಟಿಸಿದ ಉಪಾಯ ಸೊಗಸಾದದ್ದು: ಬೇಯುವಾಗ ಹೊರಗಿನಿಂದ ಅನಿಲದ ಭಾರೀ ಒತ್ತಡ ಹೇರಿ, ಮೆತ್ತಗಾದ ಬೆಳ್ಳಿಯನ್ನು ಅಮುಕಿ ಗುಳ್ಳೆಗಳನ್ನು ಅಡಗಿಸುವುದು.

ಪ್ರಬಲ ಕಾಂತಗಳಲ್ಲಿ ಬಳಸುವ ಹಳೆಯ ಅತಿವಾಹಕವಾದ ನಯೋಬಿಯಂ-ತವರದ ತಂತಿ, ಕಾಂತಕ್ಷೇತ್ರ 20 ಟೆಸ್ಲಾ ದಾಟುತ್ತಲೇ ಏದುಸಿರು ಬಿಡುತ್ತದೆ. ಈ ಬಿಸ್ಮತ್ ತಂತಿಯೋ, ದ್ರವ ಹೀಲಿಯಂನ ಚಳಿಯಲ್ಲಿ 30 ಟೆಸ್ಲಾದಲ್ಲೂ ಹೊರೆ ಇಳಿಸುವುದಿಲ್ಲ. ಒಡೆಯುವುದೇ ಹುಟ್ಟುಗುಣವಾದ ವಸ್ತುವಿಗೆ ಬಾಗುವುದನ್ನು ಕಲಿಸಿದ ತಾಳ್ಮೆಗೆ ನಮೋ ಎನ್ನಬೇಕು.