ಹದಿನೈದು ಡಿಗ್ರಿಯ ಓರೆ

ಹರಿಹರದವರಿಗೆ ಜಿಗ್ ಹೊಸ ಪದವಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ತಯಾರಿಸಿದ ಊರದು. ಜಿಗ್ಗಿನೊಳಗೆ ಡ್ರಿಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಉಕ್ಕಿನ ಬುಷ್ಷಿನ ಬೆಲೆ ಅಲ್ಲಿನ ಫಿಟ್ಟರುಗಳಿಗೆ ಗೊತ್ತು. ಅದೇ ಉಪಾಯ ಬಡಗಿಯ ಕೈಗೆ ಬಂದರೆ ಪಾಕೆಟ್ ಹೋಲ್ ಜಿಗ್.

ಕೆಲಸ ನೋಡಬೇಕು. ಹಲಗೆಯ ಹಿಂಬದಿಗೆ ಜಿಗ್ ಬಿಗಿದು 9.5 ಮಿ.ಮೀ. ಬಿಟ್ ಇಳಿಸಿದರೆ, ಸುಮಾರು 15 ಡಿಗ್ರಿ ಓರೆಯಲ್ಲಿ ಉದ್ದನೆಯ ಜೇಬು ಬೀಳುತ್ತದೆ. ಬಿಟ್ಟಿನ ತುದಿ ಸಣ್ಣದು. ಅದು ಪಕ್ಕದ ಹಲಗೆಗೆ ಇಳಿಯುವ ಸ್ಕ್ರೂವಿಗೆ ದಾರಿ ಮಾಡುತ್ತದೆ. ಅಗಲದ ಭಾಗ ನಿಂತಲ್ಲಿ ಸ್ಕ್ರೂವಿನ ತಲೆಯ ಚಪ್ಪಟೆ ತಳ ಕೂರುತ್ತದೆ. ಉಳಿ, ಕೊಡತಿ ಹಿಡಿದು ಕಚ್ಚು ಕೆತ್ತುವ ಹೊತ್ತಿನಲ್ಲಿ ಇಡೀ ಚೌಕಟ್ಟು ಕೂಡಿಬಿಡುತ್ತದೆ. ಆ ಜೇಬು ಚೆಂದವೇನಲ್ಲ ಅನ್ನಿ. ಕಪಾಟಿನ ಒಳಮೈಗೇ ಸರಿ.

ಪೇಟೆಯಲ್ಲಿ ಜಿಗ್ ಕೊಳ್ಳಲು ಹೊರಟವರು ಬಣ್ಣ ಬಿಟ್ಟು ಬುಷ್ ನೋಡಲಿ.

ಮೈ ಪ್ಲಾಸ್ಟಿಕ್ಕಾದರೂ ಪರವಾಗಿಲ್ಲ, ಒಳಗಿನ ಕೊಳವೆ ಗಟ್ಟಿ ಉಕ್ಕಿನದಿರಬೇಕು. ಇಲ್ಲವಾದರೆ ಬಿಟ್ ಅದನ್ನೇ ತಿಂದು ತೂತು ಸಡಿಲಾಗುತ್ತದೆ. ಹಲಗೆಯ ದಪ್ಪಕ್ಕೆ ಹೊಂದಿಸುವ ಗುರುತುಗಳೂ ಬೇಕು. 18 ಮಿ.ಮೀ. ಪ್ಲೈವುಡ್ಡಿಗೆ 32 ಮಿ.ಮೀ. ಉದ್ದದ, ದಪ್ಪ ಥ್ರೆಡ್ಡಿನ ಸ್ಕ್ರೂ. ಹೊನ್ನೆಯಂಥ ಗಟ್ಟಿ ಮರಕ್ಕೆ ಸಣ್ಣ ಥ್ರೆಡ್ಡಿನದು. ಬಾಗಿಲವಾಡಕ್ಕೂ ಮಂಚದ ಕಾಲಿಗೂ ಮಾತ್ರ ಹಳೆಯ ಕಚ್ಚೇ ಆಗಬೇಕು.