‘ವಿ’ ಎಲ್ಲಿಗೆ ಹೋಯಿತು?

ಸರ್ಕ್ಯೂಟ್ ಬಿಡಿಸಲು ಬೇಕಾದ ಸಾಮಾನು ತೀರಾ ಕಡಿಮೆ. ಪೆನ್ಸಿಲ್, ಒಂದಷ್ಟು ಹಾಳೆ, ಓಮ್‌ನ ನಿಯಮ, ಕಿರ್ಚಾಫ್‌ನ ಎರಡು ನಿಯಮ. ಗುಸ್ತಾವ್ ಕಿರ್ಚಾಫ್ ಆ ನಿಯಮಗಳನ್ನು 1845ರಲ್ಲಿ ಪ್ರಕಟಿಸಿದಾಗ ಕೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿ, ವಯಸ್ಸು 21. ಹೆಚ್ಚುಕಡಿಮೆ ಅದೇ ವಯಸ್ಸಿನ ನಮ್ಮ ಎಂಜಿನಿಯರಿಂಗ್ ಮಕ್ಕಳು ಇವತ್ತು ಅವೇ ನಿಯಮಗಳ ಅಸೈನ್‌ಮೆಂಟ್ ಹಿಡಿದು ಬರುತ್ತಾರೆ. ಬರಿಯ ಪ್ರಶ್ನೆ ತಂದವರಿಗಿಂತ, ತಪ್ಪೋ ಸರಿಯೋ ತಾವೇ ಬಿಡಿಸಿದ ಪುಟ ತಂದವರಿಗೆ ನೆರವಾಗುವುದು ಸುಲಭ.

ಒಂದು ಪುಟ ನೋಡಿ. 12 ವೋಲ್ಟಿನ ಬ್ಯಾಟರಿ, ಅದಕ್ಕೆ ಸೀರೀಸ್‌ನಲ್ಲಿ 2 ಓಮ್, ಅದರಾಚೆ 6 ಓಮ್ ಮತ್ತು 3 ಓಮ್ ಪ್ಯಾರಲಲ್. ಬ್ಯಾಟರಿಯ ಮೈನಸ್ ತುದಿಯೇ ಗ್ರೌಂಡ್. ಮೂರೂ ರೆಸಿಸ್ಟರ್ ಕೂಡುವ ನೋಡ್‌ನ ವೋಲ್ಟೇಜ್ ‘ವಿ’. ಹುಡುಗಿ ಬರೆದ ಸಮೀಕರಣ ಹೀಗಿತ್ತು:

(ವಿ − 12)/2 = ವಿ/6 + ವಿ/3

ಬಲಗಡೆ ಕೂಡಿದರೆ ವಿ/2. ಎಡಗಡೆಯೂ ವಿ/2, ಜೊತೆಗೆ −6. ಎರಡೂ ಕಡೆಯ ವಿ ಹೊಡೆದುಹೋಗಿ −6 = 0 ಎಂದು ಉಳಿಯಿತು. “ಸರ್, ವಿ ಎಲ್ಲಿಗೆ ಹೋಯ್ತು?”

ಉತ್ತರ 6 ವೋಲ್ಟ್ ಎಂದು ಹೇಳಿ ಕಳಿಸಬಹುದು. ಹಾಗೆ ಮಾಡಿದರೆ ಮುಂದಿನ ಲೆಕ್ಕದಲ್ಲೂ ಅವಳು ಇಲ್ಲೇ ಎಡವುತ್ತಾಳೆ. ಮೊದಲ ಪದದ ಮೇಲೆ ಬೆರಳಿಟ್ಟು, “ಇದು ಯಾವ ಕಡೆ ಹೋಗೋ ಕರೆಂಟಮ್ಮಾ?” ಎಂದು ಕೇಳಬೇಕು. (ವಿ − 12)/2 ಎಂದರೆ ನೋಡ್‌ನಿಂದ ಬ್ಯಾಟರಿಯತ್ತ ಹೊರಡುವ ಕರೆಂಟ್. ಬಲಗಡೆಯ ಎರಡೂ ಹೊರಡುವ ಕರೆಂಟುಗಳೇ. ಹೊರಡುವುದನ್ನು ಹೊರಡುವುದಕ್ಕೇ ಸಮ ಮಾಡಿಟ್ಟರೆ ಒಳಗೆ ಬರುವವರು ಯಾರು? ಮೂರನ್ನೂ ಕೂಡಿಸಿ ಸೊನ್ನೆಗೆ ಸಮ ಮಾಡಿದರೆ ವಿ = 6 ಎಂದು ತಾನಾಗಿ ಬರುತ್ತದೆ. ಚಿತ್ರದ ಮೇಲೆ ಬಾಣದ ಗುರುತು ಹಾಕದೆ ಸಮೀಕರಣಕ್ಕೆ ಕೈಹಾಕಬಾರದು ಎನ್ನುವುದು ಆಗ ಅವಳಿಗೇ ಹೊಳೆಯುತ್ತದೆ.

ಉತ್ತರ ಸರಿಯೇ ಎಂದು ಯಾರನ್ನೂ ಕೇಳಬೇಕಿಲ್ಲ. ಬ್ಯಾಟರಿಯಿಂದ 3 ಆಂಪಿಯರ್ ಹೊರಟಿದೆ, ಅಂದರೆ 36 ವ್ಯಾಟ್. ಮೂರು ರೆಸಿಸ್ಟರ್‌ಗಳಲ್ಲಿ ಖರ್ಚಾಗುವುದು ಕ್ರಮವಾಗಿ 18, 6, 12. ಕೂಡಿದರೆ ಮತ್ತೆ 36. ಈ ಜಮಾಖರ್ಚು ತಾಳೆಯಾಗುವ ಸುಖಕ್ಕೆ ನಾನು ಎಷ್ಟು ಹಾಳೆ ಬೇಕಾದರೂ ಖರ್ಚು ಮಾಡಿಯೇನು.

ಇನ್ನೊಂದು ದಾರಿಯೂ ಉಂಟು. ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಲಿಯೋನ್ ಥೆವನಿನ್ 1883ರಲ್ಲಿ ಪ್ರಕಟಿಸಿದ ಪ್ರಮೇಯದಂತೆ 3 ಓಮ್ ಅನ್ನು ಬಿಚ್ಚಿ ಪಕ್ಕಕ್ಕಿಡಿ. ಉಳಿದ ಭಾಗವೆಲ್ಲ 9 ವೋಲ್ಟ್ ಮತ್ತು 1.5 ಓಮ್ ಆಗಿ ಕುಗ್ಗುತ್ತದೆ. 3 ಓಮ್ ಅನ್ನು ಮತ್ತೆ ಜೋಡಿಸಿದರೆ 9 ಭಾಗಿಸು 4.5, ಅಂದರೆ 2 ಆಂಪಿಯರ್. ನೋಡ್ ವಿಧಾನದಲ್ಲಿ 6 ವೋಲ್ಟನ್ನು 3 ಓಮ್‌ನಿಂದ ಭಾಗಿಸಿದರೂ ಬರುವುದು ಅದೇ 2.

ಕಂಪ್ಯೂಟರ್ ನೆರವು ಪಡೆದರೆ ತಪ್ಪೇ? ಖಂಡಿತ ಇಲ್ಲ. ಬರ್ಕ್ಲಿಯಲ್ಲಿ 1970ರ ದಶಕದಲ್ಲಿ ಹುಟ್ಟಿದ ಸ್ಪೈಸ್ ತಂತ್ರಾಂಶವೂ ನೋಡ್‌ಗಳಿಗೆ ಸಮೀಕರಣ ಬರೆದೇ ಲೆಕ್ಕ ಬಿಡಿಸುತ್ತದೆ. ಆದರೆ ಕೈಯಲ್ಲಿ ಬಿಡಿಸಿದ ಮೇಲೆ ಅದನ್ನು ತೆರೆದು ತಾಳೆ ನೋಡಿ. ಮೊದಲೇ ತೆರೆದರೆ ಸಿಗುವುದು ಅಂಕಿ ಮಾತ್ರ, ಬಾಣ ಎಲ್ಲಿ ತಿರುಗಿತ್ತೆಂಬ ಅರಿವಲ್ಲ.

ಹಾಗಾಗಿ ಸಹಾಯ ಕೇಳುವವರು ಚಿತ್ರವನ್ನು ಸ್ವಂತ ಕೈಯಲ್ಲಿ ಮತ್ತೊಮ್ಮೆ ಬರೆಯಿರಿ. ನೋಡ್‌ಗಳಿಗೆ ಹೆಸರು, ಕರೆಂಟಿಗೆ ಬಾಣ, ರೆಸಿಸ್ಟರಿಗೆ ಪ್ಲಸ್-ಮೈನಸ್ ಹಾಕಿ. ಸಿಕ್ಕಿಕೊಂಡ ಸಾಲಿಗೆ ಗುರುತು ಮಾಡಿ. ಸಹಾಯ ಮಾಡುವವರು ಪೆನ್ಸಿಲ್ ಕಿತ್ತುಕೊಳ್ಳಬೇಡಿ. ಮೊದಲು ತಪ್ಪಿದ ಸಾಲು ತೋರಿಸಿ, ಆಮೇಲೆ ಲೆಕ್ಕವನ್ನು ಸ್ವಲ್ಪ ತಿರುಚಿ ಮತ್ತೆ ಕೊಡಿ. ಕಲಿತದ್ದು ದಕ್ಕಿತೋ ಇಲ್ಲವೋ ತಿಳಿಯುವುದು ಆ ಎರಡನೆಯ ಲೆಕ್ಕದಲ್ಲೇ.

ಈ ವಾರದ ತಿರುಚು ಇದು. 6 ಓಮ್ ತೆಗೆದು, ಅದೇ ಜಾಗದಲ್ಲಿ ನೋಡ್‌ನಿಂದ ಗ್ರೌಂಡಿನತ್ತ 1 ಆಂಪಿಯರ್ ಎಳೆಯುವ ಕರೆಂಟ್ ಸೋರ್ಸ್ ಹಾಕಿ. ವಿ ಆಗಲೂ 6 ವೋಲ್ಟೇ ಬರುತ್ತದೆ. ಏಕೆಂದು ಎರಡು ಸಾಲಿನಲ್ಲಿ ವಿವರಿಸಬಲ್ಲಿರಾದರೆ ಮುಂದಿನ ಅಸೈನ್‌ಮೆಂಟಿಗೆ ನಿಮಗೆ ಯಾರ ನೆರವೂ ಬೇಕಾಗದು.